ಕೊಳಗ, ಮಗ್ಗ ಮತ್ತು ಸಮಾಜವಾದಿಗಳು

ಭೌತಶಾಸ್ತ್ರದ ಮೊದಲ ಪಾಠವೇ ಅಳತೆ. ಉದ್ದಕ್ಕೆ ಮೀಟರು, ದ್ರವ್ಯರಾಶಿಗೆ ಕಿಲೋಗ್ರಾಮು, ಕಾಲಕ್ಕೆ ಸೆಕೆಂಡು. ಮಕ್ಕಳು ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಆದರೆ ‘ಎಲ್ಲರಿಗೂ ಒಂದೇ ಅಳತೆ ಬೇಕೆಂದು ಹಟ ಹಿಡಿದವರು ಯಾರು? ವಿಜ್ಞಾನಿಗಳೋ, ವ್ಯಾಪಾರಿಗಳೋ, ರೈತರೋ?’ ಎಂದು ಕೇಳಿದರೆ ಇಡೀ ವರ್ಗ ಗಪ್ಪಾಗುತ್ತದೆ. ಹುನಗುಂದ, ಬಾದಾಮಿ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಇಪ್ಪತ್ತೆಂಟು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನಾನು ಪ್ರತಿ ಜೂನ್ ತಿಂಗಳಲ್ಲಿ ಈ ಪ್ರಶ್ನೆ ಕೇಳುತ್ತೇನೆ. ‘ವಿಜ್ಞಾನಿಗಳು ಸರ್’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಅದು ಅರ್ಧ ಉತ್ತರ ಮಾತ್ರ.

ಉಳಿದರ್ಧ ಫ್ರಾನ್ಸ್ ದೇಶದಲ್ಲಿದೆ. 1789ಕ್ಕೆ ಮೊದಲು ಅಲ್ಲಿ ಸೀಮೆಗೊಂದು ಅಳತೆ, ಊರಿಗೊಂದು ತೂಕ. ರೈತ ಒಪ್ಪಿಸಬೇಕಾದ ಕಾಳನ್ನು ಅಳೆಯುವ ಪಾತ್ರೆ ಜಮೀನಿನ ಒಡೆಯನ ಕೈಯಲ್ಲಿರುತ್ತಿತ್ತು. ಪಾತ್ರೆ ಅವನದು, ಅಳೆಯುವವನೂ ಅವನ ಆಳು. ಆ ವರ್ಷ ಅರಸ ಪ್ರಜೆಗಳ ಅಹವಾಲು ಕೇಳಿದಾಗ ಊರೂರಿನಿಂದ ಬಂದ ದೂರಿನ ಪುಸ್ತಕಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಕಾಣಿಸಿತು: ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಬೇಕು. ಕ್ರಾಂತಿಯ ನಂತರ ವಿಜ್ಞಾನಿಗಳು ಭೂಮಿಯ ಸುತ್ತಳತೆಯನ್ನೇ ಆಧಾರವಾಗಿಟ್ಟುಕೊಂಡು ಮೀಟರನ್ನು ರೂಪಿಸಿದರು. 1795ರಲ್ಲಿ ಅದು ಕಾನೂನಾಯಿತು. ರೈತ ಕೇಳಿದ, ವಿಜ್ಞಾನಿ ಮಾಡಿಕೊಟ್ಟ. ಅದೇ 1789ರ ಸಭೆಯಲ್ಲಿ ಅರಸನ ಪರ ಇದ್ದವರು ಅಧ್ಯಕ್ಷರ ಬಲಕ್ಕೂ, ಬದಲಾವಣೆ ಬೇಕೆಂದವರು ಎಡಕ್ಕೂ ಕುಳಿತರು. ಇಂದು ನಾವು ಪತ್ರಿಕೆಗಳಲ್ಲಿ ಓದುವ ‘ಎಡಪಂಥ’, ‘ಬಲಪಂಥ’ ಎಂಬ ಮಾತುಗಳು ಹುಟ್ಟಿದ್ದು ಆ ಕುರ್ಚಿಗಳ ಸಾಲಿನಿಂದ.

ಇಷ್ಟು ಹೇಳಿ ಮಕ್ಕಳನ್ನು ನಾನು ಫ್ರಾನ್ಸಿನಿಂದ ನೇರವಾಗಿ ಮಲೆನಾಡಿಗೆ ಕರೆತರುತ್ತೇನೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು. ಅಲ್ಲಿನ ಗೇಣಿದಾರರು ಒಡೆಯರ ಹೊಲಗದ್ದೆ ಉತ್ತು, ಬೆಳೆದ ಭತ್ತದಲ್ಲಿ ಗೇಣಿ ಅಳೆದು ಕೊಡಬೇಕಿತ್ತು. ಅಳೆಯುವ ಸಾಧನ ಕೊಳಗ. ಗೇಣಿ ಪಡೆಯುವಾಗ ಬಳಸುತ್ತಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಎಂಬುದು ರೈತರ ದೂರು. ಸರಿಯಾದ ಕೊಳಗದಿಂದಲೇ ಅಳೆಯಿರಿ, ಗೇಣಿ ಕೊಟ್ಟದ್ದಕ್ಕೆ ರಸೀದಿ ಕೊಡಿ ಎಂದು ಅವರು ಕೇಳಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. 1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ಗದ್ದೆಗಿಳಿದವರನ್ನು ಪೊಲೀಸರು ಬಂಧಿಸಿದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಹೋರಾಟಕ್ಕೆ ಧುಮುಕಿದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಆದದ್ದು 1956ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ ಕಾಗೋಡಿನ ಅಕ್ಷರ ಬಾರದ ರೈತರು ಅಳತೆ ಎಲ್ಲರಿಗೂ ಒಂದೇ ಇರಬೇಕೆಂಬ ತತ್ವಕ್ಕಾಗಿ ಜೈಲಿಗೆ ಹೋಗಿ ಬಂದಿದ್ದರು.

‘ಸರ್, ಇದು ವಿಜ್ಞಾನವೋ ರಾಜಕೀಯವೋ?’ ಎಂದು ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ಪಾಲಕರ ಸಭೆಯಲ್ಲಿಯೂ ಈ ಮಾತು ಬಂದಿದೆ. ‘ಸರ, ಹುಡುಗರಿಗೆ ಅಂಕ ಬರೂದು ಕಲಸ್ರಿ, ಪಾರ್ಟಿ ಪಂಗಡ ಯಾಕ ಬೇಕ್ರಿ?’ ಎಂದು ಒಬ್ಬ ತಂದೆ ಬೇಸರದಿಂದಲೇ ಕೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಪಕ್ಷ ಎಂದರೆ ಬಾವುಟ, ಜೀಪು, ಜಗಳ ಎಂದಷ್ಟೇ ನಮ್ಮ ಊರುಗಳು ಕಂಡಿವೆ. ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಹೇಳುವುದು ಮಾಸ್ತರನ ಕೆಲಸವಲ್ಲ, ನಾನು ಹೇಳುವುದೂ ಇಲ್ಲ. ಆದರೆ ಪಕ್ಷಗಳು ಏಕೆ ಹುಟ್ಟುತ್ತವೆ, ಏಕೆ ಒಡೆಯುತ್ತವೆ, ಒಡೆದ ಮೇಲೆ ಏನು ಉಳಿಯುತ್ತದೆ ಎಂಬುದು ಬಾವುಟದ ಮಾತಲ್ಲ. ಅದು ಇತಿಹಾಸ, ಸ್ವಲ್ಪ ಮಟ್ಟಿಗೆ ರಸಾಯನಶಾಸ್ತ್ರವೂ ಹೌದು.

ನಮ್ಮ ಭಾಗದವರಿಗೆ ಸಮಾಜವಾದ ಅರ್ಥವಾಗಬೇಕಾದರೆ ಮಗ್ಗದಿಂದ ಆರಂಭಿಸುವುದು ಸುಲಭ. ನನ್ನ ತಂದೆ ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕುಳಿತು ನೇಯ್ದವರು. ಸಾಹುಕಾರರು ನೂಲು, ರೇಷ್ಮೆ ಕೊಡುತ್ತಿದ್ದರು. ಸೀರೆ ನೇಯ್ದು ತಂದೊಪ್ಪಿಸಿದರೆ ಸೀರೆಗಿಷ್ಟು ಎಂದು ಮಜೂರಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆ ಜೋಡಣೆ ಮಾಡುವಷ್ಟು ಹೊತ್ತು ಲಾಳಿ ಓಡುವುದಿಲ್ಲ. ಆ ಹೊತ್ತಿಗೆ ಬೇರೆ ಮಜೂರಿಯೂ ಇರಲಿಲ್ಲ. ‘ಸೀರಿ ಉದ್ದ ಊರಿಗೆಲ್ಲಾ ಗೊತ್ತೈತಿ, ನೇದವನ ದಿನದ ಉದ್ದ ಯಾರಿಗೂ ಗೊತ್ತಿಲ್ಲ’ ಎಂದು ತಂದೆ ನಗುತ್ತಲೇ ಹೇಳುತ್ತಿದ್ದರು.

ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆ ನೇಕಾರರ ಪಾಡು ಹೆಚ್ಚುಕಡಿಮೆ ಇದೇ ಆಗಿತ್ತು. ಮನೆಯಲ್ಲೇ ಮಗ್ಗ, ವ್ಯಾಪಾರಿಯ ರೇಷ್ಮೆ, ತುಂಡಿನ ಲೆಕ್ಕದಲ್ಲಿ ಕೂಲಿ. ಜಕಾರ್ಡ್ ಎಂಬಾತ ರಂಧ್ರ ಕೊರೆದ ರಟ್ಟುಗಳಿಂದ ವಿನ್ಯಾಸ ಮೂಡಿಸುವ ಮಗ್ಗವನ್ನು 1804ರ ಸುಮಾರಿಗೆ ರೂಪಿಸಿದ್ದು ಅದೇ ಊರಿನಲ್ಲಿ. ಆ ರಟ್ಟುಗಳ ಉಪಾಯವೇ ಮುಂದೆ ಚಾರ್ಲ್ಸ್ ಬ್ಯಾಬೇಜರ ಗಣಕಯಂತ್ರದ ಯೋಜನೆಗೂ ದಾರಿ ತೋರಿತು. ಯಂತ್ರ ಜಾಣತನದ್ದಾಯಿತು, ಕೂಲಿ ಮಾತ್ರ ಏರಲಿಲ್ಲ. 1831ರ ನವೆಂಬರ್‌ನಲ್ಲಿ ಕನಿಷ್ಠ ದರ ಬೇಕೆಂದು ನೇಕಾರರು ಬೀದಿಗಿಳಿದರು. ಒಪ್ಪಿಕೊಂಡಿದ್ದ ದರದ ಪಟ್ಟಿಯನ್ನು ಹಲವು ವ್ಯಾಪಾರಿಗಳು ನಿರಾಕರಿಸಿದ್ದೇ ಕಾರಣ. ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ ಎಂಬುದು ಅವರ ಕಪ್ಪು ಬಾವುಟದ ಘೋಷಣೆ. ಸೈನ್ಯ ಬಂದು ಊರನ್ನು ಹಿಡಿತಕ್ಕೆ ತೆಗೆದುಕೊಂಡಿತು. ದರದ ಪಟ್ಟಿ ರದ್ದಾಯಿತು. 1834ರಲ್ಲಿ ಮತ್ತೆ ದಂಗೆ, ಮತ್ತೆ ಗುಂಡು. ಬರೀ ದಂಗೆಯಿಂದ ದರ ನಿಲ್ಲುವುದಿಲ್ಲ, ಕಾನೂನು ಮಾಡುವ ಮನೆಯಲ್ಲಿಯೇ ನಮ್ಮವರು ಕುಳಿತಿರಬೇಕು ಎಂಬ ತಿಳಿವಳಿಕೆ ದುಡಿಯುವ ಜನರಲ್ಲಿ ನಿಧಾನವಾಗಿ ಬೆಳೆಯಿತು. ಪಕ್ಷಗಳು ಹುಟ್ಟಿದ್ದು ಈ ತಿಳಿವಳಿಕೆಯಿಂದ.

1879ರಲ್ಲಿ ಮಾರ್ಸೇಲ್ ನಗರದ ಸಮ್ಮೇಳನದಲ್ಲಿ ಫ್ರಾನ್ಸಿನ ಕಾರ್ಮಿಕರು ಪಕ್ಷ ಕಟ್ಟುವ ತೀರ್ಮಾನ ಮಾಡಿದರು. ಮೂರೇ ವರ್ಷಕ್ಕೆ, 1882ರಲ್ಲಿ, ಅದು ಎರಡಾಯಿತು. ಜೂಲ್ ಗೆಡ್ ಅವರ ಗುಂಪಿಗೆ ಕ್ರಾಂತಿಗಿಂತ ಕಡಿಮೆ ಏನೂ ಬೇಡ. ಪಾಲ್ ಬ್ರೂಸ್ ಅವರ ಗುಂಪಿಗೆ ಇಂದು ಸಾಧ್ಯವಿರುವಷ್ಟನ್ನು ಇಂದೇ ಮಾಡಬೇಕು. ಅದಕ್ಕೇ ಅವರಿಗೆ ‘ಸಾಧ್ಯವಾದಿಗಳು’ ಎಂದು ಹೆಸರು ಬಿತ್ತು. 1890ರಲ್ಲಿ ಸಾಧ್ಯವಾದಿಗಳೂ ಒಡೆದರು. ಶತಮಾನ ಮುಗಿಯುವ ಹೊತ್ತಿಗೆ ಸಮಾಜವಾದಿಗಳ ಐದು ಗುಂಪುಗಳಿದ್ದವು. 1899ರಲ್ಲಿ ಇನ್ನೊಂದು ಪೆಟ್ಟು. ಮಿಲ್ಲರಾಂ ಎಂಬ ಸಮಾಜವಾದಿ ನಾಯಕ ಸಮಾಜವಾದಿಗಳದ್ದಲ್ಲದ ಸರ್ಕಾರದಲ್ಲಿ ಮಂತ್ರಿಯಾದರು. 1871ರಲ್ಲಿ ಪ್ಯಾರಿಸ್ಸಿನ ಕಾರ್ಮಿಕರ ದಂಗೆಯನ್ನು ಅಡಗಿಸಿದ ಸೇನಾಧಿಕಾರಿಯೂ ಅದೇ ಮಂತ್ರಿಮಂಡಲದಲ್ಲಿದ್ದ! ಅಧಿಕಾರಕ್ಕೆ ಹೋಗಿ ಒಂದಿಷ್ಟು ಒಳ್ಳೆಯದು ಮಾಡುವುದು ಸರಿಯೋ, ಹೊರಗೆ ನಿಂತು ಕೈ ಶುದ್ಧವಾಗಿಟ್ಟುಕೊಳ್ಳುವುದು ಸರಿಯೋ? ಈ ಪ್ರಶ್ನೆಗೆ ಲೋಕದ ಯಾವ ಸಮಾಜವಾದಿಯೂ ತಪ್ಪಿಸಿಕೊಂಡದ್ದಿಲ್ಲ.

ಒಡೆದವರನ್ನು ಕೂಡಿಸಿದವರಲ್ಲಿ ಮುಖ್ಯರು ಜಾನ್ ಜೋರೆಸ್. ಅವರು ನಮ್ಮ ಹಾಗೆ ಮಾಸ್ತರಿಕೆ ಮಾಡಿದವರು, ತತ್ವಶಾಸ್ತ್ರ ಕಲಿಸುತ್ತಿದ್ದವರು. ಕಾರ್ಮೋ ಊರಿನ ಗಣಿ ಕಾರ್ಮಿಕರ ಮುಷ್ಕರ ಅವರನ್ನು ಸಮಾಜವಾದಕ್ಕೆ ಸೆಳೆಯಿತು. ಅಲ್ಲಿನ ಗಾಜಿನ ಕಾರ್ಖಾನೆಯ ಕೆಲಸಗಾರರು ಕೆಲಸ ಕಳೆದುಕೊಂಡಾಗ, ಅವರೇ ಒಡೆಯರಾಗಿ 1896ರಲ್ಲಿ ಆಲ್ಬಿ ಊರಿನಲ್ಲಿ ತಮ್ಮದೇ ಕಾರ್ಖಾನೆ ತೆರೆಯಲು ಜೋರೆಸ್ ನೆರವಾದರು. 1905ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಎಲ್ಲ ಗುಂಪುಗಳೂ ಕೂಡಿ ಒಂದೇ ಪಕ್ಷವಾದವು. 1914ರಲ್ಲಿ ಮಹಾಯುದ್ಧವನ್ನು ತಡೆಯಲು ಓಡಾಡುತ್ತಿದ್ದ ಜೋರೆಸ್‌ರನ್ನು ಜುಲೈ 31ರ ರಾತ್ರಿ ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಗುಂಡಿಟ್ಟು ಕೊಂದರು. 1920ರಲ್ಲಿ ತೂರ್ ನಗರದ ಸಮ್ಮೇಳನದಲ್ಲಿ ಪಕ್ಷ ಮತ್ತೆ ಒಡೆದು, ಹೆಚ್ಚಿನವರು ಕಮ್ಯುನಿಸ್ಟರಾದರು.

ಒಡೆದು ಉಳಿದ ಆ ಪಕ್ಷವೇ 1936ರಲ್ಲಿ ಲಿಯೋನ್ ಬ್ಲೂಮ್ ಅವರ ನೇತೃತ್ವದಲ್ಲಿ ಸರ್ಕಾರ ರಚಿಸಿತು. ವಾರಕ್ಕೆ 40 ತಾಸಿನ ಕೆಲಸ, ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕಾನೂನಾದವು. ಕೃತಕ ವಿಕಿರಣಶೀಲತೆಯ ಸಂಶೋಧನೆಗಾಗಿ 1935ರಲ್ಲಿ ನೊಬೆಲ್ ಪಡೆದ ಐರೀನ್ ಜೋಲಿಯೋ-ಕ್ಯೂರಿ ಆ ಸರ್ಕಾರದಲ್ಲಿ ವೈಜ್ಞಾನಿಕ ಸಂಶೋಧನೆಯ ಹೊಣೆ ಹೊತ್ತ ಮಂತ್ರಿಗಳಾಗಿದ್ದರು. ಆಗಿನ್ನೂ ಫ್ರಾನ್ಸಿನ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕಿರಲಿಲ್ಲ. ಅವರು ಮೊದಲ ಬಾರಿ ಮತ ಹಾಕಿದ್ದು 1945ರಲ್ಲಿ. ಮತ ಹಾಕಲಾಗದ ಮಹಿಳೆ ಮಂತ್ರಿಯಾಗಿದ್ದರು ಎಂದು ಹೇಳಿದರೆ ನಮ್ಮ ವರ್ಗದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಇನ್ನು ನಮ್ಮ ದೇಶಕ್ಕೆ ಬರೋಣ. ನಾಸಿಕ್ ಜೈಲಿನಲ್ಲಿ ಕೂಡಿದ್ದ ತರುಣರು ಮಾತಾಡಿಕೊಂಡದ್ದು 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವಾಯಿತು. ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರದೇವ, ಲೋಹಿಯಾ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರ ಮುಂದಾಳುಗಳು. 1948ರಲ್ಲಿ ಅವರು ಕಾಂಗ್ರೆಸ್ಸಿನಿಂದ ಹೊರಬಂದರು. 1952ರ ಮೊದಲ ಚುನಾವಣೆಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮತ ಬಿದ್ದರೂ ಲೋಕಸಭೆಯಲ್ಲಿ ದೊರೆತದ್ದು 12 ಸ್ಥಾನ. ಅದೇ ವರ್ಷ ಕೃಪಲಾನಿಯವರ ಪಕ್ಷದೊಂದಿಗೆ ಕೂಡಿ ಪ್ರಜಾ ಸಮಾಜವಾದಿ ಪಕ್ಷವಾಯಿತು.

1899ರ ಫ್ರಾನ್ಸಿನ ಪ್ರಶ್ನೆ 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಎದುರಾಯಿತು. ಅಲ್ಲಿ ಪ್ರಜಾ ಸಮಾಜವಾದಿಗಳದೇ ಸರ್ಕಾರ. ಆಗಸ್ಟ್‌ನಲ್ಲಿ ಪೊಲೀಸರು ಚಳವಳಿಗಾರರ ಮೇಲೆ ಗುಂಡು ಹಾರಿಸಿದರು. ಸ್ವತಂತ್ರ ಭಾರತದಲ್ಲಿ ಜನರ ಮೇಲೆ ಗುಂಡು ಹಾರಿಸಿದ ಸರ್ಕಾರ ಅಧಿಕಾರದಲ್ಲಿ ಇರಕೂಡದು, ಅದು ನಮ್ಮದಾದರೂ ಸರಿ, ರಾಜೀನಾಮೆ ಕೊಡಬೇಕು ಎಂದು ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ಪಟ್ಟು ಹಿಡಿದರು. ಬೇರೆಯವರನ್ನು ಅಳೆಯುವ ಕೊಳಗದಿಂದಲೇ ನಮ್ಮನ್ನೂ ಅಳೆದುಕೊಳ್ಳಬೇಕು ಎಂಬುದು ಅವರ ವಾದದ ತಿರುಳು. ಪಕ್ಷ ಒಪ್ಪಲಿಲ್ಲ. 1955ರ ಕೊನೆಗೆ ಲೋಹಿಯಾ ಬೇರೆ ಪಕ್ಷ ಕಟ್ಟಿದರು. 1964ರಲ್ಲಿ ಕೂಡಿ ಸಂಯುಕ್ತ ಸಮಾಜವಾದಿ ಪಕ್ಷ, ಮರುವರ್ಷ ಮತ್ತೆ ಬೇರೆ. 1971ರಲ್ಲಿ ಮತ್ತೆ ಒಂದು. 1977ರಲ್ಲಿ ಎಲ್ಲವೂ ಜನತಾ ಪಕ್ಷದಲ್ಲಿ ವಿಲೀನ. ಕೂಡುವುದು, ಒಡೆಯುವುದು, ಮತ್ತೆ ಕೂಡುವುದು. ಫ್ರಾನ್ಸಿನ ಇತಿಹಾಸವನ್ನೇ ಕಾರ್ಬನ್ ಹಾಳೆ ಇಟ್ಟು ಬರೆದಂತಿದೆ.

ಇದರ ಬಿಸಿ ನಮ್ಮ ಭಾಗಕ್ಕೂ ತಟ್ಟಿತು. 1962ರ ವಿಧಾನಸಭೆ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಎಸ್. ನಿಜಲಿಂಗಪ್ಪನವರಂಥ ಘಟಾನುಘಟಿಯನ್ನು ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪನವರು ಸೋಲಿಸಿಬಿಟ್ಟರು. ಮುಖ್ಯಮಂತ್ರಿಯಾಗಬೇಕಿದ್ದವರೇ ಸೋತಾಗ ಆ ಕುರ್ಚಿ ಹುನಗುಂದದ ಶಾಸಕ ಎಸ್.ಆರ್. ಕಂಠಿಯವರಿಗೆ ಬಂತು. ಮೂರು ತಿಂಗಳು ಚಿಲ್ಲರೆ ದಿನ ಅವರು ರಾಜ್ಯವನ್ನಾಳಿದರು. ಅಷ್ಟರಲ್ಲಿ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಗೆದ್ದುಬಂದರು. ಕಂಠಿಯವರು ಸದ್ದಿಲ್ಲದೆ ಕುರ್ಚಿ ಬಿಟ್ಟುಕೊಟ್ಟರು. ದೂರದ ಹೊಸದುರ್ಗದಲ್ಲಿ ಒಬ್ಬ ಸಮಾಜವಾದಿ ಗೆದ್ದದ್ದರಿಂದ ಹುನಗುಂದಕ್ಕೆ ಒಬ್ಬ ಮುಖ್ಯಮಂತ್ರಿ, ಬಾಗಲಕೋಟೆಗೆ ಇನ್ನೊಬ್ಬ ಮುಖ್ಯಮಂತ್ರಿ!

ಕರ್ನಾಟಕದ ಸಮಾಜವಾದಿಗಳು ಎಂದೂ ದೊಡ್ಡ ಸಂಖ್ಯೆಯಲ್ಲಿ ಗೆದ್ದವರಲ್ಲ. ಆದರೆ ಅವರ ಧ್ವನಿ ದೊಡ್ಡದಿತ್ತು. 1952ರಲ್ಲಿ ಸಾಗರ-ಹೊಸನಗರದಿಂದ ಆರಿಸಿಬಂದ ಗೋಪಾಲಗೌಡರು ವಿಧಾನಸಭೆಯಲ್ಲಿ ಉಳುವವನಿಗೇ ಹೊಲ ಸೇರಬೇಕೆಂದು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಬೇಕೆಂದು ವಾದಿಸುತ್ತಲೇ ಇದ್ದರು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಹೊಲ ಉಳುವವನದಾಯಿತು. ಎರಡನ್ನೂ ಮಾಡಿದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಎರಡನ್ನೂ ವರ್ಷಗಟ್ಟಲೆ ಕೇಳಿದವರು ಅದನ್ನು ನೋಡಲು ಇರಲಿಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಸಂಯುಕ್ತ ಸಮಾಜವಾದಿ ಪಕ್ಷದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ದಾರಿ ತೆರೆದರು. ಅದೇ ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು, ವಿಜಾಪುರ ಜಿಲ್ಲೆಯಿಂದ ಬೇರೆಯಾಗಿ ನಮ್ಮ ಬಾಗಲಕೋಟೆ ಜಿಲ್ಲೆ ಹುಟ್ಟಿತು. ನಮ್ಮ ಮಕ್ಕಳು ಅಂಕಪಟ್ಟಿಯ ಮೇಲೆ ‘ಬಾಗಲಕೋಟೆ ಜಿಲ್ಲೆ’ ಎಂದು ಓದುವಾಗ ಹಳೆಯ ಸಮಾಜವಾದಿಯೊಬ್ಬರ ಸಹಿ ಅದರ ಹಿಂದಿದೆ ಎಂಬುದು ಎಷ್ಟು ಜನರಿಗೆ ಗೊತ್ತು?

ನನ್ನ ನೆನಪಿನಲ್ಲಿ ಗಟ್ಟಿಯಾಗಿರುವುದು 1991ರ ಲೋಕಸಭೆ ಚುನಾವಣೆ. ಮತದಾನದ ವಯಸ್ಸು 18ಕ್ಕೆ ಇಳಿದು ಎರಡೇ ವರ್ಷವಾಗಿತ್ತು. ನಾನಾಗ ಬಾಗಲಕೋಟೆಯಲ್ಲಿ ಬಿ.ಎಸ್ಸಿ. ವಿದ್ಯಾರ್ಥಿ. ಈಗ ಆಲಮಟ್ಟಿಯ ಹಿನ್ನೀರು ನುಂಗಿರುವ ಹಳೆಯ ಪೇಟೆಯ ಓಣಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅದೇ ಮಾತು. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಜನತಾದಳದಿಂದ ನಮ್ಮಲ್ಲಿ ನಿಂತಿದ್ದರು. ಅವರು ಹಳೆಯ ಸಮಾಜವಾದಿಯಲ್ಲ, ಹಳೆಯ ಕಾಂಗ್ರೆಸ್ಸಿನಿಂದ ಬಂದವರು. ಆದರೆ ಸಮಾಜವಾದಿಗಳು ಬಂದು ಕರಗಿದ್ದು ಅವರು ಮುನ್ನಡೆಸಿದ ಜನತಾ ಬಳಗದಲ್ಲಿಯೇ. ಎದುರಿಗೆ ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡರು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣಾ ನದಿಗೆ ಕಟ್ಟಿ 1989ರಲ್ಲಿ ಮುಗಿಸಿದ ‘ಶ್ರಮಬಿಂದು ಸಾಗರ’ ಬ್ಯಾರೇಜಿನ ಮುಂದಾಳು. ನ್ಯಾಮಗೌಡರು ಗೆದ್ದರು. ‘ಹೆಗಡೇರ ಮಾತು ಚಂದ, ಇವರು ಕಟ್ಟಿದ ಒಡ್ಡು ಕಣ್ಣಿಗೆ ಕಾಣ್ತೈತಿ’ ಎಂದು ನಮ್ಮ ಓಣಿಯ ಹಿರಿಯರೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಕೂಡಿ ದುಡಿಯುವುದು, ಫಲವನ್ನು ಹಂಚಿಕೊಳ್ಳುವುದು ಸಮಾಜವಾದದ ಮೂಲ ಪಾಠ. ಆ ಸಲ ನಮ್ಮಲ್ಲಿ ಅದು ಬೇರೆ ಪಕ್ಷದ ಬಾವುಟದ ಕೆಳಗೆ ಇತ್ತು, ಅಷ್ಟೇ.

ಹೀಗೆ ತತ್ವ ಒಂದು ಕಡೆ, ಬಾವುಟ ಒಂದು ಕಡೆ ಆಗುವುದು ನಮ್ಮಲ್ಲಿ ಹೊಸದಲ್ಲ. ಬಾದಾಮಿಗೆ ಹತ್ತಿರದ ನರಗುಂದ, ನವಲಗುಂದದಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ 1980ರ ಜುಲೈಯಲ್ಲಿ ರೈತರು ಬಂಡೆದ್ದಾಗ ಗುಂಡು ಹಾರಿತು. ಅದೇ ವರ್ಷ ಕಟ್ಟಿದ ರೈತ ಸಂಘದ ಮುಂಚೂಣಿಯಲ್ಲಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಲೋಹಿಯಾ ಶಾಲೆಯಲ್ಲಿ ಪಳಗಿದವರು. ಅದೇ ಶಾಲೆಯ ಇನ್ನೊಬ್ಬರು ಸಿದ್ದರಾಮಯ್ಯನವರು. 2006ರಲ್ಲಿ ಕಾಂಗ್ರೆಸ್ ಸೇರಿ, 2013ರಲ್ಲಿ ಮುಖ್ಯಮಂತ್ರಿಯಾಗಿ, 2018ರಲ್ಲಿ ಬಾದಾಮಿಯಿಂದ 1,696 ಮತಗಳ ಅಂತರದಲ್ಲಿ ಗೆದ್ದರು. 2023ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಹಳೆಯ ಸಮಾಜವಾದಿಗಳನ್ನು ಹುಡುಕಿದರೆ ಕಾಂಗ್ರೆಸ್ಸಿನಲ್ಲಿ ಕೆಲವರು, ಜನತಾದಳಗಳಲ್ಲಿ ಕೆಲವರು, ಭಾರತೀಯ ಜನತಾ ಪಕ್ಷದ ಜೊತೆ ಹೋದವರೂ ಕೆಲವರು ಸಿಗುತ್ತಾರೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1974ರಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಿದ ಕಾರ್ಮಿಕ ನಾಯಕ. ಅವರೇ ಮುಂದೆ ರೈಲ್ವೆ ಮಂತ್ರಿ, ವಾಜಪೇಯಿ ಸರ್ಕಾರದಲ್ಲಿ ರಕ್ಷಣಾ ಮಂತ್ರಿ.

ಫ್ರಾನ್ಸಿನಲ್ಲೂ ಹಾಗೆಯೇ. 1969ರಲ್ಲಿ ಹೊಸ ಹೆಸರು ಪಡೆದು, 1971ರಲ್ಲಿ ಮಿತ್ತರಾಂ ಅವರ ಕೈಗೆ ಬಂದ ಸಮಾಜವಾದಿ ಪಕ್ಷ 1981ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಯನ್ನೇ ಗೆದ್ದು, ಅದೇ ವರ್ಷ ಮರಣದಂಡನೆಯನ್ನು ರದ್ದುಪಡಿಸಿತು. 2012ರಲ್ಲಿ ಮತ್ತೆ ಗೆದ್ದಿತು. 2022ರ ಚುನಾವಣೆಯಲ್ಲಿ ಅದರ ಅಭ್ಯರ್ಥಿಗೆ ನೂರಕ್ಕೆ ಎರಡು ಮತಗಳೂ ಬೀಳಲಿಲ್ಲ. ಆದರೆ 1936ರಲ್ಲಿ ಬಂದ ಸಂಬಳ ಸಹಿತ ರಜೆಯನ್ನು ಅಲ್ಲಿ ಯಾವ ಪಕ್ಷವೂ ಕಿತ್ತುಕೊಂಡಿಲ್ಲ. ಆ ರಜೆ ಈಗ ಎರಡು ವಾರಕ್ಕಿಂತ ಬಹಳ ಹೆಚ್ಚಾಗಿದೆ.

ಉಪ್ಪನ್ನು ನೀರಿನಲ್ಲಿ ಕದಡಿದರೆ ಅದು ಕಾಣಿಸುವುದಿಲ್ಲ. ಇಲ್ಲವಾಗುವುದೂ ಇಲ್ಲ. ನಾಲಿಗೆಗೆ ಗೊತ್ತಾಗುತ್ತದೆ, ನೀರು ಕಾಯಿಸಿದರೆ ತಳದಲ್ಲಿ ಮತ್ತೆ ಸಿಗುತ್ತದೆ. ಸಮಾಜವಾದಿ ಪಕ್ಷಗಳು ಹೀಗೆ ಕರಗಿದವು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಆದರೆ ಮಾತು ಅಲ್ಲಿಗೇ ನಿಲ್ಲಿಸುವುದಿಲ್ಲ. ಒಂದು ಹಿಡಿ ಉಪ್ಪನ್ನು ಬೋಗುಣಿಗೆ ಹಾಕಿದರೆ ರುಚಿ ಬರುತ್ತದೆ, ಕೆರೆಗೆ ಹಾಕಿದರೆ ಬರುವುದಿಲ್ಲ. ಸಣ್ಣಪುಟ್ಟ ಮಾತಿಗೆ ಒಡೆದು, ಪ್ರತಿಯೊಬ್ಬರೂ ತಮ್ಮದೇ ಶುದ್ಧ ಸಮಾಜವಾದ ಎಂದು ಹಟ ಹಿಡಿದು, ಕಡೆಗೆ ದೊಡ್ಡ ಕೆರೆಗಳಲ್ಲಿ ಚೆಲ್ಲಿಹೋದದ್ದು ಅವರ ಸೋಲು. ಅದನ್ನೂ ಮಕ್ಕಳು ತಿಳಿಯಬೇಕು. ಬರೀ ಹೊಗಳಿಕೆ ಇತಿಹಾಸವಾಗುವುದಿಲ್ಲ.

ಎರಡು ವರ್ಷದ ಹಿಂದೆ ‘ಅಳತೆ’ ಪಾಠದ ಜೊತೆಗೆ ಒಂದು ಚಟುವಟಿಕೆ ಕೊಟ್ಟೆ. ಮನೆಯಲ್ಲಿ ನಡೆಯುವ ಒಂದು ಕೆಲಸಕ್ಕೆ ಹಿಡಿಯುವ ಕಾಲವನ್ನು ಗಡಿಯಾರ ನೋಡಿ ಬರೆದು ತನ್ನಿ ಎಂದೆ. ಕೆಲವರು ರೊಟ್ಟಿ ಬಡಿಯುವುದನ್ನು, ಕೆಲವರು ನೀರು ತರುವುದನ್ನು ಬರೆದರು. ನೇಕಾರರ ಮನೆಯ ಒಬ್ಬ ಹುಡುಗಿ ಒಂದು ಸೀರೆಗೆ ಮೊದಲಿನಿಂದ ಕೊನೆಯವರೆಗೆ ಹಿಡಿದ ಒಟ್ಟು ತಾಸು ಬರೆದು, ಮಜೂರಿಯನ್ನು ಅದರಿಂದ ಭಾಗಿಸಿಬಿಟ್ಟಳು. ನಾನು ಹೇಳಿದ್ದು ಅಷ್ಟಲ್ಲ. ಲೆಕ್ಕ ತಾನಾಗಿ ಮುಂದೆ ಹೋಗಿತ್ತು. ತಾಸಿಗೆ ಬಿದ್ದ ಹಣವನ್ನು ಅವಳು ಎರಡು ಸಲ ಗೀಟು ಹೊಡೆದು ಎದ್ದು ಕಾಣುವಂತೆ ಬರೆದಿದ್ದಳು.

ಮರುದಿನ ಅವಳ ತಂದೆ ಸಾಲಿಗೆ ಬಂದರು. ‘ಸರ, ಈ ಲೆಕ್ಕಾ ಮಾಡಿಸಿ ಏನ್ ಮಾಡೂದೈತ್ರಿ? ನಿನ್ನಿ ರಾತ್ರಿಯಿಂದ ಮನ್ಯಾಗ ಯಾರೂ ಮಾತಾಡವಲ್ರು. ಲೆಕ್ಕಾ ಗೊತ್ತಾತು ಅಂತ ಮಗ್ಗ ಬಿಡಾಕ ಆಗತೈತೇನ್ರಿ?’ ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ನಾನು ನೇಕಾರನ ಮಗನೆಂಬುದು ಅವರಿಗೆ ಗೊತ್ತಿತ್ತು. ‘ಯಜಮಾನ್ರ, ಮಗ್ಗ ಬಿಡ್ರಿ ಅಂತ ಅಲ್ಲ. ನಾಳೆ ದರ ಕೇಳೂವಾಗ ಕೈಯಾಗ ಏನರ ಇರಬೇಕಲ್ರಿ’ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ತಗ್ಗಿದ ದನಿಯಲ್ಲಿ, ‘ನಮ್ಮಾಕಿ ಮಗಳಿಗೆ ಒಂದ ಮಾತು ಕೇಳಿದ್ಲ್ರಿ. ಕಂಡಿಕಿ ಸುತ್ತಿದ್ದು, ಹಾಸು ಕೂಡಿಸಿದ್ದು, ನನ್ನ ತಾಸು ಎಷ್ಟ ಬರದಿ ಅಂತ. ಅದನ್ನ ಯಾರೂ ಬರದಿದ್ದಿಲ್ಲ’ ಎಂದರು. ಆ ವಾರದ ಕೊನೆಗೆ ಹುಡುಗಿ ಹಾಳೆಯನ್ನು ಮತ್ತೆ ತಂದಳು. ತಾಯಿಯ ತಾಸುಗಳಿಗೆಂದು ಪಕ್ಕದಲ್ಲಿ ಇನ್ನೊಂದು ಮನೆ ಹಾಕಲಾಗಿತ್ತು. ಗೆರೆ ಎಳೆದದ್ದು ತಂದೆಯ ಕೈ. ತಾಸಿನ ಮಜೂರಿ ಇನ್ನೂ ಕೆಳಗಿಳಿದಿತ್ತು, ಆದರೆ ಲೆಕ್ಕ ಈಗ ನಿಜವಾಗಿತ್ತು.

ಇದೇ ಲೆಕ್ಕವನ್ನು ದೇಶದ ಮಟ್ಟದಲ್ಲಿ ಮಾಡಿದವರು ಕಮಲಾದೇವಿ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಅವರು ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಗಿರಿಯ ಹಿಂದೆ ಹೋಗದೆ ಕುಂಬಾರರ, ನೇಕಾರರ, ಬಡಿಗರ ಮನೆಬಾಗಿಲಿಗೆ ಹೋದರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ, ಕೈಕೆಲಸದವರಿಗೆ ಬೇಕಾದದ್ದು ಕರುಣೆಯಲ್ಲ, ಸಹಕಾರಿ ಸಂಘ ಮತ್ತು ಸರಿಯಾದ ಬೆಲೆ ಎಂದು ತೋರಿಸಿಕೊಟ್ಟರು. ಸಹಕಾರ ನಮಗೆ ಹೊರಗಿನಿಂದ ಬಂದ ಸರಕೇನಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶಕ್ಕೇ ಮಾದರಿಯಾದ ಸಹಕಾರಿ ಸಂಘ ಕಟ್ಟಿದ್ದು 1905ರ ಮೇ ತಿಂಗಳಲ್ಲಿ. ಪ್ಯಾರಿಸ್ಸಿನಲ್ಲಿ ಜೋರೆಸ್ ಮತ್ತು ಸಂಗಡಿಗರು ಒಂದಾಗಿ ಕೆಲವೇ ವಾರಗಳಾಗಿದ್ದವು. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ. ಕಷ್ಟ ಒಂದೇ ಆಗಿದ್ದರಿಂದ ಹೊಳೆದ ದಾರಿಯೂ ಒಂದೇ ಆಯಿತು. ಅಂದ ಹಾಗೆ ಕಾಯಕ, ದಾಸೋಹ ಎಂಬ ಮಾತುಗಳನ್ನು ಕೊಟ್ಟ ಬಸವಣ್ಣನವರ ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನಲ್ಲಿಯೇ ಇದೆ. ದುಡಿಮೆಯ ಗೌರವವನ್ನು ನಾವು ಪ್ಯಾರಿಸ್ಸಿನಿಂದ ಕಲಿಯಬೇಕಾಗಿಲ್ಲ. ಆದರೆ ಗೌರವವನ್ನು ಕಾನೂನಾಗಿ ಮಾಡುವುದು ಹೇಗೆಂದು ಎಲ್ಲಿಂದಾದರೂ ಕಲಿಯಬಹುದು.

ಪಾಲಕರಲ್ಲಿ ನನ್ನದೊಂದು ವಿನಂತಿ. ಹದಿನೆಂಟು ತುಂಬಿದ ದಿನ ನಿಮ್ಮ ಮಗ, ಮಗಳು ಮತದಾರರಾಗುತ್ತಾರೆ. ಅದಕ್ಕೆ ಮೊದಲು ಅವರಿಗೆ ಪಕ್ಷಗಳ ಇತಿಹಾಸ ಗೊತ್ತಿರದಿದ್ದರೆ, ಚುನಾವಣೆಯ ಹಿಂದಿನ ರಾತ್ರಿ ಯಾರೋ ಬಂದು ತಮಗೆ ಬೇಕಾದಂತೆ ಹೇಳಿಕೊಡುತ್ತಾರೆ. ಪುಸ್ತಕದಿಂದ, ಮನೆಯ ಹಿರಿಯರಿಂದ ತಿಳಿದುಕೊಳ್ಳುವುದು ಅದಕ್ಕಿಂತ ಲೇಸಲ್ಲವೇ? ನಿಮ್ಮ ಮನೆಯಲ್ಲಿ ಗೇಣಿಯ ಕಾಲ ಕಂಡ ಅಜ್ಜ, ಮಜೂರಿಯ ಹೆಚ್ಚಳಕ್ಕೆ ಕೂತ ಅತ್ತೆ ಇದ್ದರೆ, ಮಕ್ಕಳನ್ನು ಅವರ ಹತ್ತಿರ ಕೂಡಿಸಿ ಕೇಳಿಸಿರಿ.

ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಕೊಡುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ಬದುಕಿಗೆ ಬರುತ್ತವೆ. ಯಾವುದೇ ಪಕ್ಷ, ಯಾವುದೇ ನಾಯಕ ನಿಮ್ಮ ಮುಂದೆ ನಿಂತಾಗ ಕೇಳಿಕೊಳ್ಳಿ. ಅಳೆಯುವ ಕೊಳಗ ಯಾರ ಕೈಯಲ್ಲಿದೆ? ಲೆಕ್ಕದಲ್ಲಿ ಯಾರ ತಾಸು ಬಿಟ್ಟುಹೋಗಿದೆ? ಬೇರೆಯವರನ್ನು ಅಳೆಯುವ ಕೊಳಗದಿಂದ ಇವರು ತಮ್ಮನ್ನೂ ಅಳೆದುಕೊಳ್ಳುತ್ತಾರೆಯೇ? ಉತ್ತರ ಸಿಕ್ಕ ಮೇಲೆ ಮತ ಯಾರಿಗೆ ಎಂಬುದು ನಿಮ್ಮ ನಿಮ್ಮ ತೀರ್ಮಾನ. ಅದರಲ್ಲಿ ಮಾಸ್ತರನಿಗೆ ಕೆಲಸವಿಲ್ಲ.